ಹತ್ತನೆಯ ಆಟಗಾರನ ಖರ್ಚು

ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಸುಮಾರು 35 ಕಿಲೋಮೀಟರ್. ಒಂದು ಊರಿನ ಹುಡುಗರು ಇನ್ನೊಂದು ಊರಿಗೆ ಹೋಗಿ, ಭಾನುವಾರದ ಸಂಜೆ ಒಂದು ಸ್ನೇಹಪೂರ್ವಕ ಬಾಲ್ ಬ್ಯಾಡ್ಮಿಂಟನ್ ಪಂದ್ಯ ಆಡಿ ಬರಬೇಕಾದರೆ ಬೇಕಾಗುವುದು ಹೆಚ್ಚೇನಲ್ಲ. ಹೋಗಿಬರುವ ಬಸ್ ಚಾರ್ಜು, ಒಂದೆರಡು ಹೊಸ ಚೆಂಡು, ಆಟ ಮುಗಿದ ಮೇಲೆ ಕಾಫಿ ತಿಂಡಿ. ಗೆದ್ದವರಿಗೆ ಕಪ್ ಇಲ್ಲ, ಸೋತವರಿಗೆ ಪ್ರಮಾಣಪತ್ರವೂ ಇಲ್ಲ. ತೊಡಕು ಇರುವುದೇ ಅಲ್ಲಿ. ಪಂದ್ಯಾವಳಿ ಎಂದರೆ ಶಾಲೆಯಲ್ಲಾಗಲಿ ಇಲಾಖೆಯಲ್ಲಾಗಲಿ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರುತ್ತದೆ. ಸ್ನೇಹಪಂದ್ಯಕ್ಕೆ ಅಂಥ ಕಾಲಂ ಇಲ್ಲ. ಆದರೂ ಹಳೆಯ ಮೈಸೂರು ಸೀಮೆಯಲ್ಲಿ ಸಂಪಾದನೆಯಿಲ್ಲದ ಹುಡುಗರು ಎಷ್ಟೋ ದಶಕ ಈ ಆಟ ಆಡಿದ್ದಾರೆ. ಅವರ ಪಾಲಿನ ದುಡ್ಡು ಕೊಟ್ಟವರು ಯಾರು?

ಇದಕ್ಕೆ ಉತ್ತರ ಹುಡುಕುವವರು ಮೊದಲು ಚೆಂಡನ್ನೇ ಗಮನಿಸಬೇಕು. ಬಾಲ್ ಬ್ಯಾಡ್ಮಿಂಟನ್ನಿನ ಹಳದಿ ಚೆಂಡು ಉಣ್ಣೆಯದು. ತೂಕ 27ರಿಂದ 28 ಗ್ರಾಂ. ಷಟಲ್ ಕಾಕ್ 16 ಗರಿಗಳದು. ತೂಕ ಐದೂವರೆ ಗ್ರಾಂ ದಾಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ತಂಜಾವೂರಿನ ಅರಮನೆಯವರು ಉಣ್ಣೆ ಚೆಂಡಿನ ಆಟ ಆಡುತ್ತಿದ್ದರೆಂದು ಕ್ರೀಡಾ ಚರಿತ್ರೆ ಹೇಳುತ್ತದೆ. ಗಾಳಿ ಜೋರಾದ ದಿನ ಗರಿಯ ಬದಲು ಉಣ್ಣೆಯನ್ನು ಬಳಸುವ ರೂಢಿಯೂ ಆಗ ಇತ್ತು. ಆಷಾಢದ ಗಾಳಿಯಲ್ಲಿ ಗುಂಡ್ಲುಪೇಟೆಯ ಬಯಲಲ್ಲಿ ನಿಂತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಗರಿಯ ಕಾಕ್ ಹೊಡೆದರೆ ಅದು ಎದುರಾಳಿಯ ಕಡೆಗೆ ಹೋಗುವ ಬದಲು ಪಕ್ಕದ ಹೊಲ ಸೇರುತ್ತದೆ. ಉಣ್ಣೆ ಚೆಂಡಿಗೆ ಛಾವಣಿ ಬೇಡ, ಮರದ ನೆಲವೂ ಬೇಡ. ಗುಂಡು ಎಳೆದು ಗಟ್ಟಿ ಮಾಡಿದ ಮಣ್ಣು, ಸುಣ್ಣದ ಗೆರೆ, ಎರಡು ಕಂಬ, ಒಂದು ಬಲೆ ಇದ್ದರೆ ಅಂಕಣ ಸಿದ್ಧ.

ಆಟದ ಇನ್ನೊಂದು ಗುಣ ಇದಕ್ಕಿಂತ ಮುಖ್ಯವಾದದ್ದು. 24 ಮೀಟರ್ ಉದ್ದ, 12 ಮೀಟರ್ ಅಗಲದ ಅಂಕಣದಲ್ಲಿ ಒಂದು ಕಡೆಗೆ ಐವರಂತೆ ಒಟ್ಟು ಹತ್ತು ಜನ ಆಡಬೇಕು. ಇದಕ್ಕೆ ‘ಫೈವ್ಸ್’ ಎಂದೇ ಹೆಸರು. ಹಿಂದೆ 29 ಅಂಕಗಳಿಗೆ ಮುಗಿಯುತ್ತಿದ್ದ ಗೇಮ್ ಈಗ 35ಕ್ಕೆ ಏರಿದೆ. ಹತ್ತು ಜನರ ಲೆಕ್ಕ ಮಾತ್ರ ಬದಲಾಗಿಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ ಸಂಜೆ ಐದೂವರೆಗೆ ಹತ್ತು ಮಂದಿ ವಯಸ್ಕರು ದಿನವೂ ತಪ್ಪದೆ ಸೇರುವುದು ಸುಲಭವಲ್ಲ. ಕಚೇರಿಯ ಗುಮಾಸ್ತರೊಬ್ಬರಿಗೆ ಜಮಾಬಂದಿ ಕೆಲಸ, ಹೈಸ್ಕೂಲಿನ ಮೇಷ್ಟ್ರಿಗೆ ಪರೀಕ್ಷೆಯ ಪೇಪರು, ಡಾಕ್ಟರಿಗೆ ತುರ್ತು ಕರೆ. ಒಂಬತ್ತು ಜನ ಬಂದು ನಿಂತು ಹತ್ತನೆಯವನಿಗಾಗಿ ದಾರಿ ನೋಡುವಾಗ, ಗೆರೆಯಾಚೆ ನಿಂತು ಚೆಂಡು ಎತ್ತಿಕೊಡುತ್ತಿದ್ದ ಹುಡುಗ ಕಣ್ಣಿಗೆ ಬೀಳುತ್ತಾನೆ. ‘ಬಾರಪ್ಪ, ಹಿಂದುಗಡೆ ನಿಂತ್ಕೊ’ ಎಂದು ಯಾರೋ ಕರೆಯುತ್ತಾರೆ. ಬ್ಯಾಟು ಬೇರೆಯವರದು, ಚೆಂಡಿನ ದುಡ್ಡು ದೊಡ್ಡವರದು.

ಅವನನ್ನು ಉದ್ಧಾರ ಮಾಡುತ್ತೇವೆಂದು ಯಾರೂ ಹೊರಟಿರಲಿಲ್ಲ. ದೊಡ್ಡವರಿಗೆ ತಮ್ಮ ಆಟ ನಿಲ್ಲಬಾರದಾಗಿತ್ತು, ಅಷ್ಟೆ. ಆದರೆ ಪರಿಣಾಮದಲ್ಲಿ ಇದು ಒಂದು ಸಹಾಯಧನವೇ. ತಿಂಗಳಿಗಿಷ್ಟು ಎಂದು ಸಂಬಳದಾರರು ಹಾಕಿದ ವಂತಿಗೆಯಲ್ಲಿ ಬಲೆ, ಸುಣ್ಣ, ಚೆಂಡು ಬರುತ್ತಿದ್ದವು. ಹುಡುಗರ ಪಾಲು ಸೊನ್ನೆ. ಉಣ್ಣೆ ಎದ್ದು ಮೆತ್ತಗಾದ ಹಳೆಯ ಚೆಂಡುಗಳು ಹುಡುಗರ ಅಭ್ಯಾಸಕ್ಕೆ. ನರ ಕಿತ್ತ ಹಳೆಯ ಬ್ಯಾಟನ್ನು ಮೈಸೂರಿಗೆ ಹೋದಾಗ ಬಿಗಿಸಿಕೊಂಡು ಬಂದರೆ ಅದಕ್ಕೆ ಇನ್ನೊಂದು ಜನ್ಮ. ಪಕ್ಕದ ಊರಿನ ತಂಡದ ಜೊತೆ ಪಂದ್ಯ ಗೊತ್ತಾದರೆ ಬಸ್ಸಿನ ಟಿಕೆಟನ್ನೂ ದೊಡ್ಡವರೇ ತೆಗೆಸುತ್ತಿದ್ದರು. ಒಂದು ಚೆಂಡನ್ನು ಹತ್ತು ಜನ ಹಂಚಿಕೊಂಡ ಆಟವಾದ್ದರಿಂದ ಇಷ್ಟೆಲ್ಲ ಸಾಧ್ಯವಾಯಿತು. ನಾಲ್ವರು ಆಡುವ ಷಟಲ್‌ನಲ್ಲಿ ಸಂಜೆಗೆ ಹಲವು ಕಾಕ್ ಹಾಳಾಗುತ್ತವೆ. ಕಾಯುವ ನಾಲ್ವರು ವಯಸ್ಕರೂ ಸುಲಭವಾಗಿ ಸಿಗುತ್ತಾರೆ.

ಈ ಏರ್ಪಾಡನ್ನು ಹೊಗಳುವ ಭರದಲ್ಲಿ ಅದರ ಕೊರತೆಯನ್ನು ಮರೆಯಬಾರದು. ದುಡ್ಡು ಹಾಕಿದವರೇ ಆಯ್ಕೆಯನ್ನೂ ಮಾಡುತ್ತಿದ್ದರು. ಮೇಷ್ಟ್ರ ಮಗ, ಅಮಲ್ದಾರರ ತಮ್ಮ, ವಸತಿಗೃಹದ ಸುತ್ತಲಿನ ಹುಡುಗರು ಅಂಕಣದ ಹತ್ತಿರ ಸುಳಿದಾಡುವುದು ಸಹಜ. ಸಂಜೆ ಹೊತ್ತಿಗೆ ದನ ಹೊಡೆದುಕೊಂಡು ಮನೆ ಸೇರಬೇಕಾದವನಿಗೆ ಅಲ್ಲಿ ನಿಲ್ಲಲು ಸಮಯವೆಲ್ಲಿ? ಕೇರಿಯ ಹುಡುಗನ ಕೈಗೆ ಬ್ಯಾಟು ಕೊಡುವ ಮನಸ್ಸು ಎಲ್ಲ ಊರುಗಳಲ್ಲೂ ಒಂದೇ ತೆರನಾಗಿರಲಿಲ್ಲ. ಹೆಣ್ಣುಮಕ್ಕಳಂತೂ ಈ ಸಂಜೆಯ ಕೂಟದಿಂದ ದೂರವೇ ಉಳಿದರು. ಅವರಿಗೆ ಬ್ಯಾಟು ಸಿಕ್ಕಿದ್ದು ಶಾಲೆಯ ಆಟದ ಪೀರಿಯಡ್ಡಿನಲ್ಲಿ. ಆ ಮಟ್ಟಿಗೆ, ಶಾಲಾ ಕ್ರೀಡಾಕೂಟಗಳಲ್ಲಿ ಬಾಲ್ ಬ್ಯಾಡ್ಮಿಂಟನ್ ಸೇರಿದ್ದು ಊರ ದೊಡ್ಡವರು ಮಾಡದ ಕೆಲಸವನ್ನು ಮಾಡಿತು ಎನ್ನಬೇಕು.

ಷಟಲ್ ಬ್ಯಾಡ್ಮಿಂಟನ್ನಿನ ಕಥೆ ಸ್ವಲ್ಪ ಬೇರೆ. ಅದಕ್ಕೆ ಛಾವಣಿ ಬೇಕು, ಛಾವಣಿಗೆ ಬಾಡಿಗೆ ಬೇಕು. ಕರ್ನಾಟಕದಲ್ಲಿ ಇದಕ್ಕೆ ಸಿಕ್ಕ ಅತಿ ಪ್ರಸಿದ್ಧ ಪರಿಹಾರವೆಂದರೆ ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಅಲ್ಲಿಯೇ. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದವರು. ಹಾಲ್‌ನಲ್ಲಿ ಮದುವೆಯೋ ಸಮಾರಂಭವೋ ಇದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆಯಿಂದ ಓಡಿಬಂದು ಆಡಬೇಕು. ಸಮುದಾಯದ ಹಿರಿಯರು ತಮ್ಮ ಹಣದಲ್ಲಿ ಕಟ್ಟಿಸಿಕೊಂಡ ಕಟ್ಟಡದಲ್ಲಿ ಮಕ್ಕಳಿಗೆ ಖಾಲಿ ಗಂಟೆಗಳು ಸಿಕ್ಕವು. ಗುಂಡ್ಲುಪೇಟೆಯ ಹತ್ತನೆಯ ಆಟಗಾರನಿಗೆ ಸಿಕ್ಕಂಥದೇ ಸೌಲಭ್ಯ ಇದು, ಛಾವಣಿಯೊಂದು ಹೆಚ್ಚು. 1962ರಲ್ಲಿ ರಾಜ್ಯ ಜೂನಿಯರ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತ ಆ ಹುಡುಗ ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದರು. ಮುಂದೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿ, 1980ರ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ತಂದರು.

ಅದೇ ವರ್ಷ ಅವರು ಡೆನ್ಮಾರ್ಕ್‌ಗೆ ಹೋಗಿ, ಕೋಪನ್‌ಹೇಗನ್ ಪಕ್ಕದ ವಿಡೊವ್ರೆ ಕ್ಲಬ್ಬಿನ ಪರ ಆಡತೊಡಗಿದರು. ಕರ್ನಾಟಕಕ್ಕಿಂತ ಬಹಳ ಕಡಿಮೆ ಜನಸಂಖ್ಯೆಯ ಆ ದೇಶ ಬ್ಯಾಡ್ಮಿಂಟನ್ನಿನಲ್ಲಿ ಏಷ್ಯಾದ ದೈತ್ಯರಿಗೆ ಸಮನಾಗಿ ನಿಂತದ್ದು ಹೇಗೆ ಎಂದು ಕೇಳುವವರು ಅಲ್ಲಿನ ಕ್ಲಬ್ಬುಗಳ ಲೆಕ್ಕ ನೋಡಬೇಕು. ಊರೂರಿಗೆ ಇರುವ ಕ್ಲಬ್ಬುಗಳಿಗೆ ಹಾಲ್ ಒದಗಿಸುವುದು ಅಲ್ಲಿ ಪುರಸಭೆಯ ಕೆಲಸ. 1968ರ ಬಿಡುವಿನ ಚಟುವಟಿಕೆಗಳ ಕಾನೂನು ಇದಕ್ಕೆ ದಾರಿ ಮಾಡಿತು. 1991ರಲ್ಲಿ ಬಂದ ಕಾನೂನಿನಲ್ಲಿ 25 ವರ್ಷದೊಳಗಿನ ಸದಸ್ಯರ ಚಟುವಟಿಕೆಗೆ ಪುರಸಭೆ ಸಹಾಯಧನ ಕೊಡಬೇಕೆಂದು ಗೊತ್ತುಮಾಡಲಾಯಿತು. ಗೆದ್ದವರಿಗಷ್ಟೇ ಕೊಡುವ ಹಣವಲ್ಲ ಅದು. ವಾರಕ್ಕೊಮ್ಮೆ ಬಂದು ಆಡಿ ಮನೆಗೆ ಹೋಗುವ ಹುಡುಗಿಗೂ ಅದರಲ್ಲಿ ಪಾಲುಂಟು. ಗುಂಡ್ಲುಪೇಟೆಯ ಗುಮಾಸ್ತರು ಜೇಬಿನಿಂದ ಕೊಟ್ಟದ್ದನ್ನು ಡೇನಿಷರು ತೆರಿಗೆಯಿಂದ ಕೊಟ್ಟರು. ಜೇಬಿನವರಿಗೆ ವರ್ಗವಾದರೆ ಅಂಕಣದಲ್ಲಿ ಹುಲ್ಲು ಬೆಳೆಯುತ್ತದೆ. ಕಾನೂನಿಗೆ ವರ್ಗಾವಣೆ ಇಲ್ಲ.

ನಮ್ಮಲ್ಲಿ ಹಣ ಹರಿದದ್ದು ಇನ್ನೊಂದು ದಿಕ್ಕಿಗೆ. 1994ರಲ್ಲಿ ಬಿಪಿಎಲ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆ ಅಕಾಡೆಮಿ ಆರಂಭವಾಯಿತು. ಅಲ್ಲಿ ಅಭ್ಯಾಸ ಮಾಡಿದವರಲ್ಲಿ ಒಬ್ಬರಾದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ದೇಶಕ್ಕೆ ಇದರಿಂದ ಲಾಭವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ಆರಿಸಿದ ಕೆಲವರಿಗೆ ಸಿಗುವ ನೆರವು. ಆರಿಸಿಕೊಳ್ಳುವಷ್ಟು ಚೆನ್ನಾಗಿ ಆಡುವ ತನಕದ ಖರ್ಚನ್ನು ಹುಡುಗನ ಮನೆಯವರೇ ನೋಡಿಕೊಳ್ಳಬೇಕು.

ಸರ್ಕಾರದ ಕಡೆಯಿಂದ ಆದ ಒಂದು ಬದಲಾವಣೆಯನ್ನು ಈ ಎರಡು ಊರುಗಳ ಮಟ್ಟಿಗೆ ಹೇಳಲೇಬೇಕು. ಅದು ಕ್ರೀಡಾ ಯೋಜನೆಯೇ ಅಲ್ಲ. 1997ರ ಆಗಸ್ಟ್ 15ರಂದು ಮೈಸೂರು ಜಿಲ್ಲೆಯಿಂದ ಚಾಮರಾಜನಗರ ಜಿಲ್ಲೆ ಬೇರೆಯಾಯಿತು. ಅಲ್ಲಿಯವರೆಗೆ ತಾಲ್ಲೂಕು ಗೆದ್ದ ಗುಂಡ್ಲುಪೇಟೆಯ ಶಾಲಾ ತಂಡ ಜಿಲ್ಲಾ ಪಂದ್ಯಕ್ಕೆಂದು 60 ಕಿಲೋಮೀಟರ್ ದೂರದ ಮೈಸೂರಿನ ಕಡೆ ನೋಡಬೇಕಿತ್ತು. ಅಲ್ಲಿ ನಗರದ ಶಾಲೆಗಳ ಪಳಗಿದ ತಂಡಗಳು ಎದುರಾಗುತ್ತಿದ್ದವು. ಆಮೇಲೆ ಜಿಲ್ಲೆ ಎಂದರೆ 35 ಕಿಲೋಮೀಟರ್, ಎದುರಾಳಿಗಳು ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದವರು. ಬಸ್ ಚಾರ್ಜು ಅರ್ಧದಷ್ಟಾಯಿತು, ಗೆಲ್ಲುವ ಆಸೆ ಇಮ್ಮಡಿಯಾಯಿತು. ದೈಹಿಕ ಶಿಕ್ಷಣದ ಮೇಷ್ಟ್ರುಗಳು ಮುಂಜಾನೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸಿ ಸಂಜೆಗೆ ಮನೆ ಸೇರಿಸುವಂತಾಯಿತು. ಮಗಳನ್ನು ರಾತ್ರಿ ಹೊರಗೆ ಉಳಿಸಲು ಒಪ್ಪದ ತಂದೆತಾಯಿಗಳಿದ್ದ ಕಡೆ ಇದು ಸಣ್ಣ ವಿಷಯವಲ್ಲ.

ಸಣ್ಣ ಪಟ್ಟಣಗಳಲ್ಲೂ ಈಗ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಳಾಂಗಣ ಷಟಲ್ ಅಂಕಣಗಳು ಕಾಣಿಸಿಕೊಂಡಿವೆ. ಬೆಳಗ್ಗೆ ಮತ್ತು ಸಂಜೆಯ ಹೊತ್ತು ಸಂಪಾದಿಸುವವರದು. ನಾಲ್ವರು ಬಾಡಿಗೆ ಹಂಚಿಕೊಂಡು ಆಡಿದರೆ ಅಲ್ಲಿ ಐದನೆಯವನಿಗೆ ಕೆಲಸವಿಲ್ಲ. ಕಾಕ್ ಎತ್ತಿಕೊಡಲು ಹುಡುಗನೂ ಬೇಕಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಕಣ ಖಾಲಿ ಇರುವುದುಂಟು, ಮದುವೆಯಿಲ್ಲದ ದಿನದ ಕೆನರಾ ಯೂನಿಯನ್ ಹಾಲ್‌ನಂತೆ. ಆ ಎರಡು ಗಂಟೆಗೆ ಶಾಲೆಯ ಮಕ್ಕಳಿಂದ ಅರ್ಧ ಬಾಡಿಗೆ ಸಾಕು ಎನ್ನುವ ಮಾಲೀಕ ಇದ್ದರೆ, ಇನ್ನರ್ಧವನ್ನು ಸಂಜೆಯ ನಾಲ್ವರು ತಮ್ಮ ಕಾಫಿಯ ದುಡ್ಡಿನಲ್ಲಿ ತುಂಬಬಹುದು. ಹೈಸ್ಕೂಲ್ ಮೈದಾನದ ಮೂಲೆಯಲ್ಲಿ ಬಾಲ್ ಬ್ಯಾಡ್ಮಿಂಟನ್ ಕಂಬಗಳು ಉಳಿದಿರುವ ಊರುಗಳಲ್ಲಿ ಅಷ್ಟೂ ಬೇಕಾಗುವುದಿಲ್ಲ: ಒಂದು ಬಲೆ, ಬುಟ್ಟಿಯಷ್ಟು ಸುಣ್ಣ, ಎರಡು ಚೆಂಡು, ಸಂಜೆ ಐದೂವರೆಗೆ ಬಂದು ನಿಲ್ಲುವ ಒಂಬತ್ತು ಜನ.