ಬಾಗಿಲು ತಟ್ಟಿದ ಮುನ್ನೆಚ್ಚರಿಕೆ

ಮುಂಬಯಿಯಲ್ಲಿರುವ ಸದಸ್ಯೆಯರಿಗೆ 2020ರ ಜೂನ್ 3 ನೆನಪಿರಬಹುದು. ಅಂದು 'ನಿಸರ್ಗ' ಚಂಡಮಾರುತ ರಾಯಗಡದ ಕರಾವಳಿಗೆ ಅಪ್ಪಳಿಸಿತ್ತು. ನಮ್ಮದೇ ಎನಿಸುವ ಆ ಹೆಸರನ್ನು ಸೂಚಿಸಿದ್ದು ಬಾಂಗ್ಲಾದೇಶ. ನಮ್ಮ ಕಡೆಗೆ ಬಂದ ಬಿರುಗಾಳಿಗೆ ನೆರೆಯ ದೇಶ ಏಕೆ ಹೆಸರಿಡಬೇಕು? ಅದರ ಹಿಂದೆ ಐವತ್ತು ವರ್ಷಗಳ ಇತಿಹಾಸವಿದೆ.

1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಭೋಲಾ ದ್ವೀಪ ಮತ್ತು ಸುತ್ತಲಿನ ತಗ್ಗು ಪ್ರದೇಶಗಳಿಗೆ ಚಂಡಮಾರುತದೊಂದಿಗೆ ಸಮುದ್ರದ ನೀರು ಉಕ್ಕಿ ನುಗ್ಗಿತು. ಕನಿಷ್ಠ 3 ಲಕ್ಷ ಜನ ಪ್ರಾಣ ಕಳೆದುಕೊಂಡರು. ಬಿರುಗಾಳಿ ಬರುತ್ತಿದೆಯೆಂದು ಹವಾಮಾನ ತಜ್ಞರಿಗೆ ಗೊತ್ತಿತ್ತು. ಆದರೆ ಎಷ್ಟು ದೊಡ್ಡ ಅಪಾಯ ಎದುರಿಗಿದೆ ಎಂಬುದು ಹಳ್ಳಿಯವರಿಗೆ ತಿಳಿಯಲಿಲ್ಲ.

ಈ ದುರಂತ ನೆರೆಹೊರೆಯ ದೇಶಗಳ ಕಣ್ಣು ತೆರೆಸಿತು. 1972ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಆಶ್ರಯದಲ್ಲಿ ಚಂಡಮಾರುತ ಸಮಿತಿಯೊಂದು ಹುಟ್ಟಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್ ಅದರ ಸದಸ್ಯರು. ರಾಜಕೀಯದಲ್ಲಿ ಮಾತು ನಿಂತಾಗಲೂ ಬಿರುಗಾಳಿಯ ಮಾಹಿತಿ ನಿಲ್ಲಬಾರದು ಎಂಬ ವಿವೇಕ ಅದರಲ್ಲಿತ್ತು. ಇಂದಿಗೂ ದೆಹಲಿಯ ಹವಾಮಾನ ಇಲಾಖೆಯಿಂದ ಈ ದೇಶಗಳಿಗೆಲ್ಲ ಮುನ್ಸೂಚನೆ ಹೋಗುತ್ತದೆ. ಸದಸ್ಯ ರಾಷ್ಟ್ರಗಳು ಸೂಚಿಸಿದ ಹೆಸರುಗಳನ್ನು ಸರದಿಯಂತೆ ಇಡುವ ಪದ್ಧತಿ 2004ರಿಂದ ಬಂತು.

1972ರಲ್ಲೇ ರೆಡ್‌ಕ್ರಾಸ್ ನೆರವಿನಿಂದ ಬಾಂಗ್ಲಾದೇಶದಲ್ಲಿ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಸ್ವಯಂಸೇವಕರು ಬಾವುಟ ಏರಿಸಿ, ಮೆಗಾಫೋನ್ ಹಿಡಿದು, ಕೈ ಸೈರನ್ ತಿರುಗಿಸಿ ಜನರನ್ನು ಎಚ್ಚರಿಸತೊಡಗಿದರು.

ಆದರೂ 1991ರ ಏಪ್ರಿಲ್ 29ರ ಚಂಡಮಾರುತ ಸುಮಾರು 1,38,000 ಜನರನ್ನು ಬಲಿ ತೆಗೆದುಕೊಂಡಿತು. ಒಂದು ಅಧ್ಯಯನದ ಪ್ರಕಾರ 20ರಿಂದ 44 ವಯಸ್ಸಿನವರಲ್ಲಿ ಸಾವಿರಕ್ಕೆ 15 ಗಂಡಸರು ಸತ್ತರೆ, ಹೆಂಗಸರು 71! ಎಚ್ಚರಿಕೆ ಊರಿಗೆ ಬಂದಿತ್ತು. ಆದರೆ ಗಂಡ ಬರಲೆಂದು ಕಾಯುತ್ತಾ, ಮಕ್ಕಳನ್ನೂ ಕೋಳಿಗಳನ್ನೂ ನೋಡಿಕೊಳ್ಳುತ್ತಾ ಎಷ್ಟೋ ಮಂದಿ ಮನೆಯಲ್ಲೇ ಉಳಿದರು. ಪರಗಂಡಸರ ನಡುವೆ ರಾತ್ರಿ ಕಳೆಯುವ ಸಂಕೋಚವೂ ಅವರನ್ನು ತಡೆಯಿತು.

ಈ ಕಹಿ ಪಾಠದಿಂದ ವ್ಯವಸ್ಥೆ ಬದಲಾಯಿತು. ಜಪಾನ್, ಸೌದಿ ಅರೇಬಿಯಾ, ವಿಶ್ವಬ್ಯಾಂಕ್ ಮೊದಲಾದವರ ಹಣದಿಂದ ಆಶ್ರಯ ಕಟ್ಟಡಗಳು ಎದ್ದವು. ಉಳಿದ ದಿನಗಳಲ್ಲಿ ಎಷ್ಟೋ ಕಡೆ ಅವೇ ಶಾಲೆಗಳು. ಹೆಂಗಸರಿಗೆ ಪ್ರತ್ಯೇಕ ಕೋಣೆ, ಶೌಚಾಲಯಗಳು ಬಂದವು. ಸ್ವಯಂಸೇವಕರ ಸಾಲಿಗೆ ಮಹಿಳೆಯರೂ ಹೆಚ್ಚು ಸಂಖ್ಯೆಯಲ್ಲಿ ಸೇರಿದರು; ಇಂದು ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಅವರೇ. ಗಂಡಸರು ಬೀದಿಯಲ್ಲಿ ನಿಂತು ಕೂಗಬಲ್ಲರು. ಒಳಮನೆಯವರೆಗೆ ಹೋಗಿ "ಏಳಮ್ಮಾ, ಮಕ್ಕಳನ್ನು ಎತ್ತಿಕೋ" ಎನ್ನಲು ಹೆಣ್ಣೇ ಬೇಕು.

2007ರ 'ಸಿಡ್ರ್' ಚಂಡಮಾರುತವೂ ಬಹಳ ಪ್ರಬಲವಾಗಿತ್ತು. ಆದರೆ ಸತ್ತವರು ಸುಮಾರು 3,400. 2020ರ ಮೇ ತಿಂಗಳ 'ಅಂಫಾನ್' ಬಂದಾಗ ಕೊರೊನಾ ನಡುವೆಯೂ ಬಾಂಗ್ಲಾದೇಶ ಸುಮಾರು 24 ಲಕ್ಷ ಜನರನ್ನು ಸುರಕ್ಷಿತ ಜಾಗಗಳಿಗೆ ಸೇರಿಸಿತು.

ಸಖಿಯರೇ, ಈಗ ಎಚ್ಚರಿಕೆ ನಮ್ಮ ಮೊಬೈಲಿಗೇ ಬರುತ್ತದೆ. ಆದರೆ ಪಕ್ಕದ ಮನೆಯ ಒಂಟಿ ಅಜ್ಜಿಗೆ, ತಗ್ಗಿನ ಬಸ್ತಿಯಿಂದ ಮನೆಗೆಲಸಕ್ಕೆ ಬರುವವಳಿಗೆ ಅದು ತಲುಪಿದೆಯೇ? ಮುಂದಿನ ಮಳೆಗಾಲ ಬರುವ ಮೊದಲು ಯಾರು ಯಾರ ಬಾಗಿಲು ತಟ್ಟಬೇಕೆಂದು ನಾವೂ ಒಂದು ಪಟ್ಟಿ ಮಾಡಿಟ್ಟುಕೊಳ್ಳೋಣ.