ತೆರೆದ ಕಪಾಟಿನ ಗಣಕಯಂತ್ರ

ಗ್ರಂಥಭಂಡಾರಗಳಲ್ಲಿ ಎರಡು ಬಗೆ. ಒಂದರಲ್ಲಿ ಚೀಟಿ ಬರೆದುಕೊಟ್ಟು ಈಚೆ ನಿಂತು ಕಾಯಬೇಕು; ಇನ್ನೊಂದರಲ್ಲಿ ಕಪಾಟುಗಳ ನಡುವೆ ನಾವೇ ಅಲೆದು, ಬೇಕೆಂದು ಬಂದಿರದ ಪುಸ್ತಕವನ್ನೂ ಕೈಗೆತ್ತಿಕೊಳ್ಳಬಹುದು. 1960ರ ಸುಮಾರಿನಲ್ಲಿ ವಿಶ್ವವಿದ್ಯಾಲಯಗಳ ಗಣಕಯಂತ್ರಗಳು ಬಹುಮಟ್ಟಿಗೆ ಮೊದಲನೆಯ ಬಗೆಯವು. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಸಿಬ್ಬಂದಿಗೆ ಒಪ್ಪಿಸಿ, ಗಂಟೆಗಳೋ ದಿನಗಳೋ ಕಳೆದ ಮೇಲೆ ಉತ್ತರ ಪಡೆಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಸರದಿಯ ಕೊನೆಗೆ. ಸಂಶೋಧಕರ ಪಾಡೇ ಹೀಗಿರಲು ವಿದ್ಯಾರ್ಥಿಯನ್ನು ಕೇಳುವವರಾರು?

ಕೇಳಿದವರು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಗಣಿತಾಧ್ಯಾಪಕರು. ಒಬ್ಬರು ಬುಡಾಪೆಸ್ಟಿನಲ್ಲಿ ಹುಟ್ಟಿ, ಐನ್‌ಸ್ಟೈನರಿಗೆ ಸಹಾಯಕರಾಗಿದ್ದ ಜಾನ್ ಕೆಮೆನಿ; ಇನ್ನೊಬ್ಬರು ಥಾಮಸ್ ಕರ್ಟ್ಸ್. 1950ರ ದಶಕದಲ್ಲಿ ಕರ್ಟ್ಸ್ ಅವರು ಕಾರ್ಡುಗಳ ಪೆಟ್ಟಿಗೆ ಹೊತ್ತು, ರೈಲು ಹಿಡಿದು, ಮಸಾಚುಸೆಟ್ಸಿನ ತಂತ್ರವಿಜ್ಞಾನ ಸಂಸ್ಥೆಯ ಯಂತ್ರದ ಬಳಿಗೆ ಹೋಗಿಬರುತ್ತಿದ್ದವರು. ತೆರೆದ ಕಪಾಟಿನ ಹೋಲಿಕೆ ಅವರಿಬ್ಬರದೇ. ತಮ್ಮ ಕಾಲೇಜಿನಲ್ಲಿ ಹೆಚ್ಚಿನವರು ವಿಜ್ಞಾನದ ವಿದ್ಯಾರ್ಥಿಗಳಲ್ಲ. ಆದರೆ ನಾಳೆ ಆಡಳಿತದಲ್ಲಿ, ವ್ಯಾಪಾರದಲ್ಲಿ ನಿರ್ಧಾರ ಕೈಗೊಳ್ಳುವವರು ಇವರೇ. ಯಂತ್ರವನ್ನು ಮುಟ್ಟಿಯೇ ನೋಡದವರು ಅದರ ವಿಷಯದಲ್ಲಿ ತೀರ್ಪು ಕೊಡುವುದೆಂತು? ಇದು ಅವರ ವಾದ. ಸಾಹಿತ್ಯ ಓದುವ ಹುಡುಗನಿಗೆ ಗಣಕವೇಕೆ ಎಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋರದು.

ಏಕೋಪಾಧ್ಯಾಯ ಶಾಲೆಯ ಮೇಷ್ಟರನ್ನು ನೆನೆಯಿರಿ. ಒಂದನೆಯ ತರಗತಿಗೆ ಕಾಗುಣಿತ ಬರೆಯಹಚ್ಚಿ, ಎರಡನೆಯದಕ್ಕೆ ಲೆಕ್ಕ ಕೊಟ್ಟು, ಮೂರನೆಯದರ ಪಾಠ ಒಪ್ಪಿಸಿಕೊಳ್ಳುತ್ತಾರೆ. ಡಾರ್ಟ್‌ಮತ್ತಿನ ಯಂತ್ರವೂ ಹಾಗೆಯೇ ತನ್ನ ಕಾಲವನ್ನು ಚೂರುಚೂರಾಗಿ ಎಲ್ಲರಿಗೂ ಹಂಚುತ್ತಿತ್ತು. ಅದರ ವೇಗದಿಂದಾಗಿ ಪ್ರತಿಯೊಬ್ಬನಿಗೂ ಯಂತ್ರ ತನ್ನೊಬ್ಬನದೇ ಎನ್ನಿಸುತ್ತಿತ್ತು. ಈ ಏರ್ಪಾಟಿನ ಬಹುಪಾಲನ್ನು ಬರೆದವರು ವಿದ್ಯಾರ್ಥಿಗಳೇ. 1964ರ ಮೇ 1ರಂದು ಬೆಳಗಿನ ಜಾವ 4 ಗಂಟೆಗೆ ಎರಡು ಟೆಲಿಟೈಪುಗಳು ಒಟ್ಟಿಗೆ ಸರಿಯುತ್ತರ ಕೊಟ್ಟವು. ಬೇಸಿಕ್ ಎಂಬ ಸುಲಭ ಗಣಕಭಾಷೆ ಬಳಕೆಗೆ ಬಂದ ಗಳಿಗೆಯೂ ಅದೇ. ಯಂತ್ರದೊಡನೆ ಕೆಲಸ ಆರಂಭಿಸಲು ‘ಹಲೋ’, ಮುಗಿಸಲು ‘ಗುಡ್‌ಬೈ’: ಮನೆಗೆ ಬಂದ ನೆಂಟರಿಗೆ ಆಡುವ ಮಾತು.

ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲ, ಏಕೆ ಬೇಕೆಂಬ ವಿಚಾರಣೆಯಿಲ್ಲ. ಆಟವಾಡಿದರೂ ಆಕ್ಷೇಪವಿಲ್ಲ, ಫುಟ್‌ಬಾಲ್ ಆಟವೊಂದನ್ನು ಕೆಮೆನಿಯವರೇ ಬರೆದಿದ್ದರು. ದೂರವಾಣಿ ತಂತಿಯ ಮೂಲಕ ಸುತ್ತಲಿನ ಪ್ರೌಢಶಾಲೆಗಳೂ ಈ ಯಂತ್ರವನ್ನು ಬಳಸತೊಡಗಿದವು.

ಆದರೆ ಆ ಕಪಾಟು ತೆರೆದಿದ್ದ ಕಾಲೇಜಿನಲ್ಲಿ ಆಗ ಪದವಿ ತರಗತಿಗಳು ಗಂಡುಮಕ್ಕಳಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಪ್ರವೇಶ ದೊರೆತದ್ದು 1972ರಲ್ಲಿ. ಆಗ ಕಾಲೇಜಿನ ಅಧ್ಯಕ್ಷರಾಗಿದ್ದವರು ಕೆಮೆನಿಯವರೇ.