ಅಂಕಣದ ಲೆಕ್ಕ

ಮನೆ ಎಷ್ಟು ದೊಡ್ಡದು ಅಂತ ಕೇಳಿದ್ರೆ ಈಗ ಎಲ್ಲರೂ ಚದರದಲ್ಲಿ ಹೇಳ್ತಾರೆ. ಒಂದು ಚದರ ಅಂದ್ರೆ 100 ಚದರಡಿ. ನಮ್ಮ ಅಜ್ಜಂದಿರು ಅಂಕಣದಲ್ಲಿ ಹೇಳೋರು: ಮೂರಂಕಣ, ಐದಂಕಣ, ಏಳಂಕಣ.

ಎರಡು ಕಂಬಗಳ ಸಾಲಿನ ನಡುವಿನ ಜಾಗ ಒಂದು ಅಂಕಣ. ಅದರ ಅಗಲ ತೀರ್ಮಾನ ಮಾಡ್ತಿದ್ದದ್ದು ಮರ. ಸಿಕ್ಕ ತೊಲೆ ಬಾಗದೆ ಎಷ್ಟು ದೂರ ಭಾರ ಹೊರುತ್ತೋ ಅಷ್ಟೇ. ಹಾಗಾಗಿ ಊರಿಂದೂರಿಗೆ ಅಳತೆ ಬೇರೆ.

ಏಳಂಕಣ ಅಂದ್ರೆ ಅಷ್ಟೂ ಜನಕ್ಕೇ ಅಂತ ಅಲ್ಲ. ನಮ್ಮ ಹಳೇ ಮನೆಯಲ್ಲಿ ಎರಡಂಕಣ ದನಗಳಿಗೆ, ಒಂದಂಕಣ ಕಾಳಿನ ವಾಡೆಗಳಿಗೆ. ರಾಗಿ ಹೊರಗೆ ಹಗೇವಿನಲ್ಲಿ, ಬೀಜ ಅಟ್ಟದ ಮೇಲೆ. ಉಳಿದದ್ದರಲ್ಲಿ ಅಡುಗೆ, ದೇವರು, ಬಾಣಂತನ, ಎಲ್ಲಾ. ನೆಂಟರು ಬಂದ್ರೆ ಜಗಲಿ. ಮಗನಿಗೆ ಮದುವೆಯಾದ್ರೆ ಪಕ್ಕಕ್ಕೆ ಒಂದಂಕಣ ಸೇರಿಸೋರು. ಅಣ್ಣತಮ್ಮಂದಿರು ಪಾಲಾದ್ರೆ ಅಂಕಣ ಎಣಿಸಿ ನಡುವೆ ಗೋಡೆ ಎಬ್ಬಿಸೋರು. ಮೊದಲು ಒಳಗೆ ಏನೇನು ಇರಬೇಕು ಅನ್ನೋ ಲೆಕ್ಕ, ಆಮೇಲೆ ಮನೆ.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಒಂದಕ್ಕೊಂದು ಕಚ್ಚಿಕೊಳ್ಳೋ ಆ ಹೆಂಚು ನಿಧಾನಕ್ಕೆ ಒಳನಾಡಿಗೂ ಬಂತು. ಆಗಲೂ ಕೆಳಗೆ ಮರವೇ ಬೇಕಿತ್ತು. ಸಿಮೆಂಟು, ಕಬ್ಬಿಣದ ತಾರಸಿ ಬಂದ ಮೇಲೆ ತೊಲೆಯ ಮಿತಿ ಹೋಯ್ತು. ಈಗ ಮಿತಿ ಅಂತ ಉಳಿದಿರೋದು ಸಾಲ ಎಷ್ಟು ಸಿಗುತ್ತೆ ಅನ್ನೋದೊಂದೇ.

ಜೊತೆಗೆ ಪಟ್ಟಣದ 30×40 ನಕ್ಷೆ ಹಳ್ಳಿಗೂ ಬಂತು. ಅದು ಹಿತ್ತಲಿಲ್ಲದ ಊರಿನ ಸೈಟಿಗೆ ಮಾಡಿದ್ದು. ಲೆಕ್ಕ ನೋಡಿ: ಒಂದು ಗುಂಟೆ 1,089 ಚದರಡಿ, 30×40 ಅಂದ್ರೆ 1,200. ಗುಂಟೆಗಿಂತ ಹೆಚ್ಚು ನೆಲ ಹೋಗುತ್ತೆ. ಅಷ್ಟಾದ್ರೂ ಕಾರಿಗೆ ಜಾಗ ಇರುತ್ತೆ, ಗೊಬ್ಬರದ ಮೂಟೆಗೆ, ಸ್ಪ್ರೇಯರಿಗೆ ಇರಲ್ಲ.

ಈ ವರ್ಷ ನಮ್ಮಲ್ಲೂ ಹೊಸ ಮನೆ ಮಾತು ನಡೀತಿದೆ. ತಮ್ಮ ಇಪ್ಪತ್ತು ಚದರ ಅಂತಾನೆ. ಇರೋರು ಐದು ಜನ. ಸಾಲ ತೀರಿಸಬೇಕಾದ್ದು ಎರಡೆಕರೆ ತೋಟ. ಹಾಗಂತ ಏಳಂಕಣವನ್ನೇ ಮತ್ತೆ ಕಟ್ಟೋಣ ಅಂತಲೂ ನಾನು ಹೇಳಲ್ಲ. ಹಗೇವು ಮುಚ್ಚಿ ವರ್ಷಗಳಾದ್ವು, ಕೊಟ್ಟಿಗೆ ಹೊರಗೆ ಹೋಗಿದೆ. ನನ್ನ ಲೆಕ್ಕ ಹತ್ತು ಚದರ: ಎರಡು ಕೋಣೆ, ನಡುಮನೆ, ಅಡುಗೆಮನೆ, ಸಾಮಾನಿಗೊಂದು ಉಗ್ರಾಣ, ಮುಂದೆ ಅಗಲವಾದ ಜಗಲಿ. ಪೂರ್ವಕ್ಕೆ ಖಾಲಿ ಜಾಗ ಬಿಡೋದು. ಮಕ್ಕಳಿಗೆ ಬೇಕಾದ್ರೆ ಅವರ ದುಡ್ಡಲ್ಲಿ ಒಂದಂಕಣ ಸೇರಿಸಿಕೊಳ್ಳಲಿ.

ತಮ್ಮ ಇನ್ನೂ ಒಪ್ಪಿಲ್ಲ. ನಿಮ್ಮ ಹಳೇ ಮನೆ ಎಷ್ಟಂಕಣದ್ದು, ಅದರಲ್ಲಿ ಜನಕ್ಕೆಷ್ಟು, ದನಕ್ಕೆಷ್ಟು? ಬರೀರಿ, ಅವನಿಗೆ ತೋರಿಸ್ತೀನಿ.